ಬಿಂದ್ರಾ ಪುಟ ಹಾಸ್ಟೆಲ್ ಗ್ರೂಪಿಗೆ ಹಾಕೋದಾ, ಬೇಡ್ವಾ?

(ಶಿವಮೊಗ್ಗ ಹೈಸ್ಕೂಲು ಹಳೇ ಬ್ಯಾಚಿನ ವಾಟ್ಸಾಪ್ ಗುಂಪು)

ರಘು, ಪಿ.ಟಿ. ಮೇಷ್ಟ್ರು: [ಫೋಟೊ] ಒಲಿಂಪಿಕ್ ಚಿನ್ನ ಗೆದ್ದ ಶೂಟರ್ ಅಭಿನವ್ ಬಿಂದ್ರಾ ಆತ್ಮಕಥೆಯ ಎರಡು ಪುಟ, ಖಿನ್ನತೆ ಬಗ್ಗೆ. ಸ್ಪೋರ್ಟ್ಸ್ ಹಾಸ್ಟೆಲ್ ಮಕ್ಕಳ ಗ್ರೂಪಿಗೂ ಹಾಕ್ತೀನಿ. ಈ ಮಳೇಲಿ ಗ್ರೌಂಡಂತೂ ಗದ್ದೆ ಆಗಿದೆ, ಓದ್ಲಿ.

ಪ್ರಕಾಶ: ಚಿನ್ನ ಗೆದ್ದವನಿಗೆ ಎಂತ ಖಿನ್ನತೆ ಮಾರಾಯ? ಸೋತು ಕೂತವನದ್ದಾದ್ರೆ ಅರ್ಥ ಆಗ್ತದೆ.

ರಘು: ಸೋತಿದ್ದೂ ಇದೆ. 2004, ಅಥೆನ್ಸ್ ಫೈನಲ್, ಏಳನೇ ಸ್ಥಾನ. ಕಾಲಡಿಯ ಟೈಲ್ ಸಡಿಲ ಇತ್ತು ಅಂತ ಆಮೇಲೆ ಗೊತ್ತಾಗಿದ್ದು. 10 ಮೀಟರ್ ಏರ್ ರೈಫಲಲ್ಲಿ ಹತ್ತು ಅಂಕದ ಚುಕ್ಕಿ ಅರ್ಧ ಮಿಲಿಮೀಟರ್, ಸಾಸಿವೆಗಿಂತ ಸಣ್ಣದು. ಟೈಲ್ ಅಲುಗಿದ್ರೆ ಮುಗೀತು. 2008ರ ಬೀಜಿಂಗಲ್ಲಿ ಕೊನೇ ಶಾಟಿಗೆ ಮುಂಚೆ ಫಿನ್ಲೆಂಡಿನ ಹಕ್ಕಿನೆನ್ ಜೊತೆ ಸಮ, ಕೊನೇದು ಹೊಡೆದಿದ್ದು 10.8, ಚಿನ್ನ ಬಂತು. ಖಿನ್ನತೆ ಬಂದಿದ್ದು ಇದಾದ್ಮೇಲೆ, ಅವನೇ ಬಹಿರಂಗವಾಗಿ ಹೇಳಿದಾನೆ.

ಸುಮಾ, ಮನೋವೈದ್ಯೆ: ಪ್ರಕಾಶ, ವರ್ಷಗಟ್ಟಲೆ ನಿದ್ದೆ, ಊಟ, ಸ್ನೇಹ ಎಲ್ಲಾ ಒಂದೇ ಗೂಟಕ್ಕೆ ಕಟ್ಟಿದ್ರೆ ಗೂಟ ಕಿತ್ತಾಗ ಗೆದ್ದಿದ್ದೋ ಸೋತಿದ್ದೋ ಲೆಕ್ಕಕ್ಕೆ ಬರಲ್ಲ. ಹುಡುಗರ ಮೇಲೆ ಕಣ್ಣಿಡಬೇಕಾದ್ದು ದೊಡ್ಡ ಮ್ಯಾಚ್ ಮುಗಿದ ಮೇಲಿನ ವಾರಗಳಲ್ಲಿ. ರಘು, ನೀವು ಮೇಷ್ಟ್ರುಗಳು ಆಗ ರಜೆ ಕೊಟ್ಟು ಮನೆಗೆ ಕಳಿಸ್ತೀರಿ.

ರಘು: ಅದಕ್ಕೇ ಆಟಗಾರರ ಮಾನಸಿಕ ಆರೋಗ್ಯ ನೋಡೋಕೆ ಒಲಿಂಪಿಕ್ ಸಮಿತಿ ಮಾಡಿದ ಫಾರ್ಮ್ ಪ್ರಿಂಟ್ ಹಾಕ್ಸಿದೀನಿ. ಮೊದಲ ಹಂತ ಹತ್ತು ಪ್ರಶ್ನೆ, ಒಂದೊಂದಕ್ಕೆ 1ರಿಂದ 5. ಒಟ್ಟು 17 ದಾಟಿದೋರನ್ನ ನಿನ್ನ ಹತ್ರ ಕಳಿಸ್ತೀನಿ.

ಸುಮಾ: 17 ದಾಟೋದಲ್ಲ, 17 ಬಂದ್ರೇ ಮುಂದಿನ ಹಂತ. ಅದೂ 16 ವರ್ಷ ತುಂಬಿದೋರಿಗೆ ಮಾತ್ರ, ನಿನ್ನ ಎಂಟನೇ ಕ್ಲಾಸಿನೋರಿಗಲ್ಲ. ಎಲ್ಲಕ್ಕಿಂತ ಮುಖ್ಯ, ಅದು ವೈದ್ಯರ ಕೈಗೆ ಮಾಡಿದ ಫಾರ್ಮ್. ಟೀಮ್ ಆರಿಸೋ ಮೇಷ್ಟ್ರೇ ಹಂಚಿ ವಾಪಸ್ ತಗೊಂಡ್ರೆ ಎಲ್ಲರೂ 1, 1, 1 ಅಂತ ಹಾಕ್ತಾರೆ. ಹತ್ತು ಬಂತು, ಎಲ್ಲಾ ಚೆನ್ನಾಗಿದಾರೆ ಅಂತ ನೀನು ಫೈಲ್ ಮಾಡಿಡ್ತೀಯ. ಕೋಚು, ಮನೆಯೋರಿಗೆ ಅಂತಲೇ ಅದೇ ಸಮಿತಿ ಲಕ್ಷಣ ಗುರುತಿಸೋ ಬೇರೆ ಹಾಳೆ ಮಾಡಿದೆ. ಅದು ನಿನ್ನದು.

ಪ್ರಕಾಶ: ಹಾಳೆ ಗೀಳೆ ಬಿಡಿ. ಸಪ್ಪಗಿದ್ರೆ ಗೊತ್ತಾಗಲ್ವಾ?

ಸುಮಾ: ಸಪ್ಪಗಿದ್ರೆ ರಕ್ತವೂ ಇಲ್ದೇ ಇರಬಹುದು. ಓಡೋ ಹುಡುಗಿ ಸುಸ್ತು ಅಂದ್ರೆ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಥೈರಾಯ್ಡ್ ಮೊದಲು ನೋಡ್ಸಿ. ಮುಟ್ಟು ಮೂರು ತಿಂಗಳಿಂದ ನಿಂತಿದ್ರೆ ಪ್ರಾಕ್ಟೀಸಿಗೆ ತಕ್ಕ ಊಟ ಸೇರ್ತಿಲ್ಲ ಅಂತ ಅನುಮಾನ ಪಡಿ. ಎರಡು ವಾರ ಬಿಡದೆ ನಿದ್ದೆ ಇಲ್ಲ, ಆಟದಲ್ಲೇ ಆಸೆ ಇಲ್ಲ ಅಂದ್ರೆ ನನ್ನ ದಾರಿ. ಸಾಯೋ ಮಾತು ಬಾಯಿಗೆ ಬಂದ್ರೆ ಎರಡು ವಾರ ಕಾಯೋ ಹಂಗಿಲ್ಲ, ಅವತ್ತೇ, ಒಬ್ಬರನ್ನೇ ಬಿಡದೆ ಕರ್ಕೊಂಡು ಬನ್ನಿ. ಅನುಮಾನ ಬಂದ್ರೆ ನೇರವಾಗಿ ಕೇಳಿ. ಕೇಳಿದ್ರೆ ನಾವೇ ತಲೆಗೆ ಹಾಕಿದಂಗೆ ಅನ್ನೋದು ಸುಳ್ಳು.

ನಾಗರಾಜ, ಮೆಡಿಕಲ್: ಖಿನ್ನತೆಗೆ ಮಾತ್ರೆ ತಗೊಂಡ್ರೆ ಡೋಪಿಂಗಲ್ಲಿ ಸಿಕ್ಕಿಬೀಳ್ತಾರೆ ಅಂತ ಮನೆಯೋರೇ ಅರ್ಧಕ್ಕೆ ಬಿಡಿಸ್ತಾರೆ.

ಸುಮಾ: ಎಸ್ಸಿಟಲೋಪ್ರಾಮ್ ಥರದ ಖಿನ್ನತೆ ಮಾತ್ರೆ ವಾಡಾ (ಡೋಪಿಂಗ್ ತಡೆಯೋ ಜಾಗತಿಕ ಸಂಸ್ಥೆ) ನಿಷೇಧಿತ ಪಟ್ಟಿಯಲ್ಲಿಲ್ಲ. ಗುಣ ಕಾಣೋಕೆ ಎರಡರಿಂದ ನಾಲ್ಕು ವಾರ ಬೇಕು, ಮೊದಲ ವಾರ ಹೊಟ್ಟೆ ತೊಳಸ್ತದೆ. ಬಿಡೋದು ಆಗಲೇ. ದಿಢೀರ್ ನಿಲ್ಸಿದ್ರೆ ತಲೆಸುತ್ತು, ಸಿಡಿಮಿಡಿ ಶುರು.

ನಾಗರಾಜ: ಪ್ರೊಪ್ರನೊಲಾಲ್? ಎದೆ ಡವಡವಕ್ಕೂ ಮೈಗ್ರೇನಿಗೂ ಚೀಟಿ ಬರ್ತಾನೇ ಇರ್ತದೆ.

ರಘು: ಅದು ಡೇಂಜರ್. ಕೈನಡುಕ ಇಳಿಸ್ತದಲ್ಲ, ಶೂಟಿಂಗಿಗೂ ಬಿಲ್ಲುಗಾರಿಕೆಗೂ ಸ್ಪರ್ಧೆ ಇರಲಿ ಇಲ್ಲದಿರಲಿ ನಿಷೇಧ. ಕಬಡ್ಡಿಯವನಿಗೆ ತೊಂದರೆ ಇಲ್ಲ. ಚೀಟಿ ಬರೆಸುವಾಗ್ಲೇ ಯಾವ ಆಟ ಅಂತ ಹೇಳ್ಬೇಕು.

ಪ್ರಕಾಶ: ಸರಿ. ಆದ್ರೂ ನನಗೆ ಒಪ್ಪಿಗೆ ಇಲ್ಲ. ಬಿಂದ್ರಾಗೆ ಮನೇಲೇ ಶೂಟಿಂಗ್ ರೇಂಜ್ ಇತ್ತು. ಹೊಸನಗರದ ಕೂಲಿಯವನ ಮಗ ಇದನ್ನ ಓದಿ ಎಂತ ಮಾಡ್ಬೇಕು?

ಸುಮಾ: ಅದು ನ್ಯಾಯವಾದ ಮಾತು. ಬರೀ ಪುಟ ಹಾಕಿದ್ರೆ ಕತೆ ಆಗ್ತದೆ ಅಷ್ಟೆ. ಕೆಳಗೆ 14416 ಅಂತ ಬರಿ ರಘು, ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಪುಕ್ಕಟೆ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡ್ತಾರೆ. ನೋಟಿಸ್ ಬೋರ್ಡಿಗೆ ಹಾಕ್ಬೇಡ, ಅಲ್ಲಿ ನಿಂತು ನಂಬರ್ ಬರ್ಕೊಳ್ಳೋ ಧೈರ್ಯ ಯಾರಿಗಿದೆ? ಬಚ್ಚಲುಮನೆ ಬಾಗಿಲ ಒಳಮೈಗೆ ಅಂಟಿಸು.

ಪ್ರಕಾಶ: ಲ್ಯಾಮಿನೇಟ್ ಮಾಡ್ಸು ಮಾರಾಯ. ಈ ಮಳೇಲಿ ಎರಡೇ ದಿನಕ್ಕೆ ಬೂಷ್ಟು ಹಿಡೀತದೆ.