ಪದಚರ್ಚೆ: ಮಕ್ಕಳ ‘ಬಿನೈನ್’ ಗಡ್ಡೆಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಪುಟ್ಟ ಮಕ್ಕಳ ಗಡ್ಡೆ ಆಪರೇಷನ್ ಬಗ್ಗೆ ತಂದೆ-ತಾಯಿಗೆ ಕೊಡಲು ಒಂದು ಕರಪತ್ರ ಬರೆಯುತ್ತಿದ್ದೇನೆ. ‘ಬಿನೈನ್ ಟ್ಯೂಮರ್’, ಅಂದರೆ ಕ್ಯಾನ್ಸರ್ ಅಲ್ಲದ ಗಡ್ಡೆ, ಅನ್ನುವಲ್ಲಿ ಕೈ ನಿಂತಿದೆ.

ಸಾಮಾನ್ಯವಾಗಿ ‘ನಿರಪಾಯಕಾರಿ ಗಡ್ಡೆ’, ‘ಸೌಮ್ಯ ಗಡ್ಡೆ’ ಅಂತ ಬರೆಯುತ್ತಾರೆ. ನನಗೆ ಎರಡೂ ಒಪ್ಪಿಗೆಯಾಗುತ್ತಿಲ್ಲ. ಲಿಪೊಬ್ಲಾಸ್ಟೋಮವನ್ನೇ ನೋಡಿ. ಇದು ಕೊಬ್ಬಿನ ಗಡ್ಡೆ, ಹೆಚ್ಚಾಗಿ 3 ವರ್ಷದೊಳಗಿನ ಮಕ್ಕಳಲ್ಲಿ ಕಾಣಿಸುತ್ತದೆ. ಕ್ಯಾನ್ಸರ್ ಅಲ್ಲ. ಸಾಮಾನ್ಯವಾಗಿ ನೋವಿರುವುದಿಲ್ಲ, ಮಗು ಆಡಿಕೊಂಡೇ ಇರುತ್ತದೆ. ಆದರೆ ಬೇಗ ಬೆಳೆಯಬಹುದು. ಕುತ್ತಿಗೆಯಲ್ಲಿದ್ದರೆ ಉಸಿರಿನ ನಾಳವನ್ನೇ ಒತ್ತಬಹುದು. ಪೂರ್ತಿ ತೆಗೆಯಬೇಕು. ಚೂರು ಉಳಿದರೆ ಮತ್ತೆ ಬರಬಹುದು, ಅದಕ್ಕೇ ಆಪರೇಷನ್ ಆದ ಮೇಲೂ ಕೆಲವು ವರ್ಷ ಡಾಕ್ಟರಿಗೆ ತೋರಿಸುತ್ತಿರಬೇಕು. ‘ನಿರಪಾಯಕಾರಿ’ ಅಂತ ಓದಿದ ತಾಯಿ, ಅಪಾಯ ಇಲ್ಲವಲ್ಲ, ಮಗು ಸ್ವಲ್ಪ ದೊಡ್ಡದಾಗಲಿ ಅಂತ ಸುಮ್ನಿದ್ದುಬಿಟ್ಟರೆ ಅದು ಪದದ ತಪ್ಪೇ ಅಲ್ವಾ?

ಹುಟ್ಟಿದ ಕೆಲವೇ ವಾರಕ್ಕೆ ಕೆಂಪಗೆ ಉಬ್ಬುವ ಹಿಮ್ಯಾಂಜಿಯೋಮದ ಮಾತು ಬೇರೆ. ಅದು ರಕ್ತನಾಳದ ಗಡ್ಡೆ. ಮೊದಲು ಬೆಳೆದು, ಆಮೇಲೆ ಹೆಚ್ಚಿನ ಮಕ್ಕಳಲ್ಲಿ ತಾನಾಗಿ ಕುಗ್ಗುತ್ತದೆ. ಚಿಕಿತ್ಸೆ ಬೇಕಾದವರಿಗೆ ಪ್ರೊಪ್ರನೊಲಾಲ್ ಅನ್ನುವ ಔಷಧಿ ಇದೆ, ಈ ಗಡ್ಡೆಯನ್ನು ಕುಗ್ಗಿಸುವ ಅದರ ಗುಣ 2008ರಲ್ಲಿ ಬೆಳಕಿಗೆ ಬಂತು. ಕಾಯಬಹುದಾದ ಗಡ್ಡೆ, ಕಾಯಬಾರದ ಗಡ್ಡೆ ಎರಡಕ್ಕೂ ‘ಸೌಮ್ಯ’ ಅಂದರೆ ಓದುವವರಿಗೆ ಏನು ತಿಳಿದೀತು?

‘ಅರ್ಬುದ’ ಬೇಡ, ಪತ್ರಿಕೆ ಓದುವವರಿಗೆ ಅದು ಕ್ಯಾನ್ಸರೇ. ‘ಮೃದು ಗಡ್ಡೆ’ಯೂ ಬೇಡ. ಮೆದು ಇರುವುದು ಗಡ್ಡೆ ಹುಟ್ಟಿದ ಜಾಗ: ಕೊಬ್ಬು, ಸ್ನಾಯು, ನಾಳ. ಗಡ್ಡೆ ಕೈಗೆ ಗಟ್ಟಿಯಾಗಿಯೂ ಸಿಗಬಹುದು.

‘ಹರಡದ ಗಡ್ಡೆ’ ಅನ್ನೋಣ ಅಂದುಕೊಂಡೆ. ಅಲ್ಲೂ ತೊಡಕು. ಲಿಪೊಬ್ಲಾಸ್ಟೋಮದಲ್ಲೇ ಒಂದು ಬಗೆ ಸ್ನಾಯುಗಳ ಸಂದಿಯಲ್ಲಿ ನುಗ್ಗಿ ಬೆಳೆಯುತ್ತದೆ. ದೂರದ ಅಂಗಕ್ಕೆ ಹೋಗುವುದಿಲ್ಲ, ಆದರೆ ಇದ್ದಲ್ಲೇ ಸುಮ್ಮನೆ ಕೂರುವುದೂ ಇಲ್ಲ. ಹಾಗಾಗಿ ಪಕ್ಕಕ್ಕೆ ಬೆಳೆಯುವುದಕ್ಕೆ ‘ಹಬ್ಬು’, ಬೇರೆ ಅಂಗಕ್ಕೆ ಹೋಗುವುದಕ್ಕೆ ‘ಹರಡು’ ಅಂತ ಬೇರೆ ಮಾಡಿದ್ದೇನೆ. ಸದ್ಯದ ವಾಕ್ಯ ಹೀಗಿದೆ: ‘ಇದು ಬೇರೆ ಅಂಗಕ್ಕೆ ಹರಡುವ ಗಡ್ಡೆ ಅಲ್ಲ. ಆದರೆ ಅಕ್ಕಪಕ್ಕ ಹಬ್ಬಬಹುದು, ಅದಕ್ಕೆ ತೆಗೆಸಬೇಕು.’

ಬಳ್ಳಿ ಹಬ್ಬುತ್ತದೆ, ಸರಿ. ಸುದ್ದಿ ಮಾತ್ರ ಹಬ್ಬುವುದೂ ಉಂಟು, ಹರಡುವುದೂ ಉಂಟು. ನಿಮ್ಮ ಕಡೆ ಈ ಎರಡು ಪದ ಬೇರೆ ಬೇರೆಯಾಗಿ ಕೇಳಿಸುತ್ತವೆಯೇ? ಕರಾವಳಿ, ಧಾರವಾಡದ ಕಡೆಯವರು ದಯವಿಟ್ಟು ಹೇಳಿ. ಮನೆಯಲ್ಲಿ ಹಿರಿಯರು ಇಂಥ ಗಂಟಿಗೆ ಬೇರೆ ಹೆಸರು ಹೇಳುತ್ತಿದ್ದರೆ ಅದೂ ಬೇಕು.