ಅಪ್ರೆಂಟಿಸ್‌ಶಿಪ್ ಲೆವಿ: ಎರಡು ಕಂಪನಿ, ಒಂದೇ ವಿನಾಯಿತಿ

ಪ್ರಶ್ನೆ: ನಮಸ್ಕಾರ ಸರ್. ಇಂಗ್ಲೆಂಡಿನಲ್ಲಿ ಒಬ್ಬರೇ ಮಾಲೀಕರ ಎರಡು ಕಂಪನಿಗಳ ಸಂಬಳದ ಲೆಕ್ಕ ನೋಡಿಕೊಳ್ಳುತ್ತೇನೆ. ಒಂದರ ವಾರ್ಷಿಕ ಸಂಬಳದ ಮೊತ್ತ 24 ಲಕ್ಷ ಪೌಂಡ್, ಇನ್ನೊಂದರದು 12 ಲಕ್ಷ. ಅಪ್ರೆಂಟಿಸ್‌ಶಿಪ್ ಲೆವಿ, ಅಂದರೆ ಕೆಲಸ ಮಾಡುತ್ತಲೇ ಕಲಿಯುವ ಅಪ್ರೆಂಟಿಸ್‌ಗಳ ತರಬೇತಿಗೆಂದು ಉದ್ಯೋಗದಾತರು ಕಟ್ಟುವ ತೆರಿಗೆ, 30 ಲಕ್ಷ ದಾಟಿದವರಿಗಷ್ಟೇ, ನಮಗೆ ಅದರ ಗೊಡವೆಯೇ ಇಲ್ಲ ಎನ್ನುತ್ತಾರೆ ಮಾಲೀಕರು. ಸರಿಯೇ?

ಉತ್ತರ: ಇಲ್ಲ ಮೇಡಂ, ಎಲ್ಲರೂ ಎಡವುವ ಜಾಗವೇ ಇದು. ಕಾನೂನಿನಲ್ಲಿರುವುದು 30 ಲಕ್ಷದ ಗೆರೆಯಲ್ಲ. 2017ರ ಏಪ್ರಿಲ್‌ನಿಂದ ಸಂಬಳದ ಮೊತ್ತದ ಮೇಲೆ ಶೇ 0.5 ಲೆವಿ ಇದೆ, ಅದರಲ್ಲಿ ವರ್ಷಕ್ಕೆ 15,000 ಪೌಂಡ್ ವಿನಾಯಿತಿ. 30 ಲಕ್ಷದ ಅರ್ಧ ಪರ್ಸೆಂಟ್ ಸರಿಯಾಗಿ 15,000 ಆಗುವುದರಿಂದ ಆ ಅಂಕಿ ಬಾಯಿಪಾಠವಾಗಿದೆ, ಅಷ್ಟೇ. ಒಬ್ಬರ ಹಿಡಿತದಲ್ಲಿರುವ ಕಂಪನಿಗಳಿಗೆಲ್ಲ ಸೇರಿ ಒಂದೇ ವಿನಾಯಿತಿ.

ನಿಮ್ಮ ಲೆಕ್ಕವನ್ನೇ ನೋಡಿ. ದೊಡ್ಡ ಕಂಪನಿಯ ಲೆವಿ 12,000, ಚಿಕ್ಕದರದು 6,000. ವಿನಾಯಿತಿಯನ್ನು 10,000 ಮತ್ತು 5,000 ಎಂದು ಹಂಚಿದರೆ ಕಟ್ಟಬೇಕಾದದ್ದು 2,000 ಮತ್ತು 1,000. ಯಾವ ಕಂಪನಿಗೂ ಅದರ ಲೆವಿಗಿಂತ ಹೆಚ್ಚು ವಿನಾಯಿತಿ ಕೊಡದಿದ್ದರೆ, ಹೇಗೆ ಹಂಚಿಕೊಂಡರೂ ಒಟ್ಟು 3,000ವೇ. ಹಂಚಿಕೆಯನ್ನು ತೆರಿಗೆ ವರ್ಷದ ಆರಂಭದಲ್ಲೇ ತೀರ್ಮಾನಿಸಿ. ನಡುವೆ ಮನಸ್ಸು ಬದಲಾಯಿತೆಂದು ತಿದ್ದಲು ಬರುವುದಿಲ್ಲ. ಪ್ರತಿ ತಿಂಗಳೂ ಬ್ರಿಟನ್ನಿನ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಗೆ ಸಂಬಳದ ತೆರಿಗೆಯ ಜೊತೆಗೇ ಕಟ್ಟಬೇಕು. ನಿರ್ದೇಶಕರ ಸಂಬಳವೂ ಮೊತ್ತಕ್ಕೆ ಸೇರುತ್ತದೆ. ನೌಕರರ ಸಂಬಳದಿಂದ ಇದನ್ನು ಮುರಿದುಕೊಳ್ಳುವಂತಿಲ್ಲ.

ಮರುಪ್ರಶ್ನೆ: ಅಯ್ಯೋ! ಹಾಗಾದರೆ ಈ 3,000 ಹೋದಂತೆಯೇ? ಒಬ್ಬ ಅಪ್ರೆಂಟಿಸ್‌ನನ್ನು ಸೇರಿಸಿಕೊಂಡರೆ ಅವನ ಸಂಬಳವನ್ನು ಅದರಿಂದಲೇ ಕೊಡಬಹುದೇ?

ಉತ್ತರ: ಸಂಬಳಕ್ಕೆ ಒಂದು ಪೆನ್ನಿಯೂ ಸಿಗುವುದಿಲ್ಲ, ಪ್ರಯಾಣಕ್ಕೂ ಇಲ್ಲ. ತರಬೇತಿಗೆ ಮತ್ತು ಕೊನೆಯ ಮೌಲ್ಯಮಾಪನಕ್ಕೆ ಮಾತ್ರ. ಇಂಗ್ಲೆಂಡಿನ ನೌಕರರ ಪಾಲಿನ ಹಣ ಸರ್ಕಾರದ ಅಪ್ರೆಂಟಿಸ್‌ಶಿಪ್ ಸೇವೆಯಲ್ಲಿರುವ ನಿಮ್ಮ ಆನ್‌ಲೈನ್ ಖಾತೆಗೆ ಬಂದು ಕೂರುತ್ತದೆ, ಅಲ್ಲಿಂದ ತರಬೇತಿ ಸಂಸ್ಥೆಗೆ ಹೋಗುತ್ತದೆ. ನಿಮ್ಮ ಬ್ಯಾಂಕಿಗೆ ಎಂದೂ ವಾಪಸ್ ಬರುವುದಿಲ್ಲ.

ಒಂದು ವರ್ಷದ, 6,000 ಪೌಂಡ್‌ಗೆ ಒಪ್ಪಿಕೊಂಡ ತರಬೇತಿ ಎಂದುಕೊಳ್ಳಿ. ಅದರ ಶೇ 80 ತಿಂಗಳ ಕಂತುಗಳಲ್ಲಿ, ಅಂದರೆ 400ರಂತೆ, ಖಾತೆಯಿಂದ ಹೋಗುತ್ತದೆ. ಉಳಿದ 1,200 ಅಪ್ರೆಂಟಿಸ್‌ಶಿಪ್ ಮುಗಿದಾಗ. ನಿಮ್ಮ ಖಾತೆಗಳಿಗೆ ತಿಂಗಳಿಗೆ ಬರುವುದು ಎಲ್ಲ ಸೇರಿ 250ರ ಆಸುಪಾಸು. ಕೊರತೆ ಬಿದ್ದಲ್ಲಿ ಸರ್ಕಾರ ಒಂದು ಪಾಲು ಹಾಕುತ್ತದೆ, ನೀವೂ ಒಂದು ಪಾಲು ಕೈಯಿಂದ ಹಾಕಬೇಕು. ಆದ್ದರಿಂದ ಲೆವಿ ಕಟ್ಟಿದ್ದೇವಲ್ಲ, ತರಬೇತಿ ಪೂರ್ತಿ ಪುಕ್ಕಟೆ ಎಂದು ಮಾಲೀಕರಿಗೆ ಆಸೆ ಹುಟ್ಟಿಸಬೇಡಿ. ನಾನೇ ಒಮ್ಮೆ ಹಾಗೆ ಹೇಳಿ ಮುಖ ಸಣ್ಣದು ಮಾಡಿಕೊಂಡಿದ್ದೇನೆ.

ಇನ್ನೊಬ್ಬರ ಪ್ರಶ್ನೆ: ನಮ್ಮಲ್ಲಿ ಅಪ್ರೆಂಟಿಸ್ ಯಾರೂ ಇಲ್ಲ. ಖಾತೆಯಲ್ಲಿ ಕೂಡಿಟ್ಟು ಮುಂದೆ ಬಳಸೋಣವೇ?

ಉತ್ತರ: ಅದು ಉಳಿತಾಯ ಖಾತೆಯಲ್ಲ ಸ್ವಾಮಿ. ಗಡುವು ಮೀರಿದ ಹಣ ಖಾತೆಯಿಂದ ತಾನಾಗಿ ಇಲ್ಲವಾಗುತ್ತದೆ. ಯೋಜನೆ ಶುರುವಾದಾಗ 24 ತಿಂಗಳ ಗಡುವಿತ್ತು. ಬೇಡವಾದ ಹಣದ ಒಂದು ಭಾಗವನ್ನು ಬೇರೆ ಉದ್ಯೋಗದಾತರ ಅಪ್ರೆಂಟಿಸ್‌ಗಳಿಗೆ ವರ್ಗಾಯಿಸಬಹುದು. ನಿಮಗೆ ಸಾಮಾನು ಪೂರೈಸುವ ಸಣ್ಣ ಕಂಪನಿಯವರನ್ನು ಕೇಳಿ ನೋಡಿ, ಬೇಡ ಎನ್ನಲಾರರು.

ಮೊದಲ ಪ್ರಶ್ನೆಯವರು: ಧನ್ಯವಾದ ಸರ್. ಸ್ಕಾಟ್ಲೆಂಡಿನಲ್ಲಿಯೂ ನಮ್ಮ ಕೆಲವು ನೌಕರರಿದ್ದಾರೆ, ಅವರ ಸಂಬಳ ಬಿಡಬಹುದೇ?

ಉತ್ತರ: ಲೆವಿಯ ಲೆಕ್ಕದಲ್ಲಿ ಬಿಡುವಂತಿಲ್ಲ, ಅದು ಇಡೀ ಬ್ರಿಟನ್ನಿಗೆ. ಆದರೆ ಆ ಪಾಲು ನಿಮ್ಮ ಇಂಗ್ಲೆಂಡಿನ ಖಾತೆಗೆ ಬರುವುದಿಲ್ಲ.