ಸಹಾಯ ಬೇಕು: ದೊಡ್ಡ ತಂಬೂರಿ ಯಾರಿಗೆ ಕೊಡಲಿ?

ಧಾರವಾಡದ ಮನೆ ಖಾಲಿ ಮಾಡುತ್ತಿದ್ದೇವೆ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಮಿರಜ್ ಊರಿನಲ್ಲಿ ಮಾಡಿದ ನನ್ನ ಎರಡೂ ತಂಬೂರಿಗಳಿಗೆ ಜಾಗವಿಲ್ಲ. ಚಿಕ್ಕದನ್ನು ಇಟ್ಟುಕೊಳ್ಳುತ್ತೇನೆ. ದೊಡ್ಡದು ಗಂಡಸರ ಶ್ರುತಿಗೆ ಮಾಡಿದ್ದು. ಸೋರೆ ಬುರುಡೆಯಲ್ಲಿ ಒಂದು ಬಿರುಕೂ ಇಲ್ಲ. ಜವಾರಿ (ತಂತಿ ಝೇಂಕರಿಸುವಂತೆ ಕುದುರೆಯ ಮೇಲೆ ಕೂರಿಸುವ ಹದ) ಸರಿಯಾಗಿ ಕೂತು ನಾಲ್ಕೂ ತಂತಿ ನುಡಿದರೆ ಕೋಣೆಯೆಲ್ಲ ತುಂಬುತ್ತದೆ. ಕೊಡೋಕೆ ಮನಸ್ಸೇ ಬರುತ್ತಿಲ್ಲ, ಆದರೆ ಬೇರೆ ದಾರಿಯಿಲ್ಲ.

ಅಂಗಡಿಯಲ್ಲಿ ವಿಚಾರಿಸಿದೆ. ಷೋಕೇಸಿಗೆ ಇಡುವವರು ಜಾಸ್ತಿ ಬೆಲೆ ಕೊಡುತ್ತಾರಂತೆ. ಸುಮ್ನೆ ಅಲಂಕಾರಕ್ಕೆ ನಿಲ್ಲುವುದು ನನಗೆ ಬೇಡ. ಪರಿಚಯದ ಹುಡುಗರನ್ನೂ ಕೇಳಿದೆ, ಅವರಿಗೆ ತಂಬೂರಿ ನಾದ ಕೊಡುವ ಮೊಬೈಲ್ ಆ್ಯಪೇ ಸಾಕಂತೆ. ಸಂಗೀತ ಶಾಲೆಗೆ ಕೊಟ್ಟರೆ ದಿನಾ ಶ್ರುತಿ ಮಾಡಿ ನುಡಿಸುತ್ತಾರಾ, ಇಲ್ಲಾ ಮೂಲೆ ಸೇರುತ್ತದಾ? ಇಲ್ಲೇ ಗೊಂದಲ.

ಹೀಗೆ ವಾದ್ಯ ಕೊಟ್ಟವರು ದಯವಿಟ್ಟು ಹೇಳಿ: ಶಾಲೆಗೆ ದಾನ ಮಾಡಲಾ, ಕಡಿಮೆ ಬೆಲೆಗಾದರೂ ಹಾಡುವ ವಿದ್ಯಾರ್ಥಿಯನ್ನು ಹುಡುಕಿ ಮಾರಲಾ?